ಹಳದಿ ದೀಪ ಆರಿಸೋದು ರಿಪೇರಿ ಅಲ್ಲ

ರಾಗಿ ಒಕ್ಕಣೆ ಮುಗೀತು, ಸ್ವಲ್ಪ ಬಿಡುವಾಗಿದೆ. ಇವತ್ತು ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ಬಿಎಸ್-6 ಡೀಸೆಲ್ ಗಾಡಿ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಪಿಕಪ್ ಗಾಡಿ ಮೀಟರ್ ಬೋರ್ಡಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ಕೊಳ್ತು. ಹೊಗೆ ಇಲ್ಲ, ಎಳೆತ ಕಮ್ಮಿ ಇಲ್ಲ. ಮದ್ದೂರಿಗೆ ಎಳನೀರು ಹಾಕ್ಕೊಂಡು ಹೋಗೋದಿತ್ತು, ಹೋಗಿ ಬಂದೆ. ಮಾರನೇ ದಿನ ಒಂದು ವರ್ಕ್‌ಶಾಪಿಗೆ ತೋರಿಸಿದೆ. ಹುಡುಗ ಸ್ಟೇರಿಂಗ್ ಕೆಳಗೆ ಒಂದು ಮಿಷನ್ ಚುಚ್ಚಿದ, ಏನೋ ಒತ್ತಿದ, ದೀಪ ಆರೋಯ್ತು. "ಆಯ್ತು ಕಣಣ್ಣ" ಅಂದ. ಐನೂರು ಕೊಟ್ಟೆ. ಏನಾಗಿತ್ತಪ್ಪ ಅಂದ್ರೆ "ಸೆನ್ಸಾರ್ ಪ್ರಾಬ್ಲಮ್ಮು" ಅಷ್ಟೇ.

ನಾಲ್ಕು ದಿನಕ್ಕೆ ದೀಪ ವಾಪಸ್ ಬಂತು. ಇನ್ನೊಂದು ಕಡೆ ಹೋದೆ. ಅವನು "ಹೊಗೆ ಫಿಲ್ಟರ್ ಹೋಗಿದೆ ಯಜಮಾನ್ರೇ, ಹೊಸದಕ್ಕೆ ಲಕ್ಷದ ಹತ್ರ ಆಗುತ್ತೆ. ಅದರ ಬದಲು ಒಳಗಿರೋದನ್ನ ಕಿತ್ತಾಕಿ, ದೀಪಾನೇ ಬರದಂಗೆ ಕಂಪ್ಯೂಟರ್ ಸೆಟ್ ಮಾಡ್ಕೊಡ್ತೀನಿ" ಅಂದ. ಸುಳ್ಳು ಯಾಕೆ ಹೇಳ್ಲಿ, ಅರ್ಧ ಒಪ್ಪಿಬಿಟ್ಟಿದ್ದೆ.

ಆ ಭಾನುವಾರ ಡಿಪ್ಲೊಮಾ ಮಾಡಿರೋ ಅಕ್ಕನ ಮಗ ಊರಿಗೆ ಬಂದಿದ್ದ. ಬೆಂಕಿಪೊಟ್ಟಣದಷ್ಟು ಒಂದು ಸಾಮಾನು ತಂದು ಅದೇ ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಲ್ಲಿ ನೋಡಿದ. ಪಿ 2453 ಅಂತ ಬಂತು. ಅಂದ್ರೆ ಫಿಲ್ಟರಿನ ಒತ್ತಡ ಅಳೆಯೋ ಸೆನ್ಸಾರ್ ಹೇಳೋ ಲೆಕ್ಕ ಸರಿ ಬರ್ತಿಲ್ಲ ಅಂತ. ಕೆಳಗೆ ಬಗ್ಗಿ ನೋಡಿದ್ರೆ ಆ ಸೆನ್ಸಾರಿಗೆ ಹೋಗೋ ರಬ್ಬರ್ ಪೈಪನ್ನ ಇಲಿ ಕಡಿದಿತ್ತು. ಗಾಡಿ ನಿಲ್ಲಿಸೋದು ಹುಲ್ಲಿನ ಮೆದೆ ಪಕ್ಕ, ಇನ್ನೇನಾಗುತ್ತೆ! ಇನ್ನೂರೈವತ್ತು ರೂಪಾಯಿ ಪೈಪು. ಹಾಕಿದ ಮೇಲೆ ದೀಪ ಮತ್ತೆ ಬಂದಿಲ್ಲ.

ಆವಾಗಿಂದ ಇದು ಹೆಂಗೆ ಕೆಲಸ ಮಾಡುತ್ತೆ ಅಂತ ಅವನನ್ನ ಕೇಳಿ ಕೇಳಿ ತಿಳ್ಕೊಂಡೆ. ಇದಕ್ಕೆ ಓಬಿಡಿ ಅಂತಾರೆ. ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳೋ ವ್ಯವಸ್ಥೆ. ಇದರ ಮುಖ್ಯ ಕೆಲಸ ಹೊಗೆ ಕಾಯೋದು. ಡೀಸೆಲ್ ಗಾಡೀಲಿ ಫಿಲ್ಟರಿನ ಮುಂದೆ ಹಿಂದೆ ಒತ್ತಡ ಎಷ್ಟು ಅಂತ ನೋಡ್ತಾ ಇರುತ್ತೆ. ವ್ಯತ್ಯಾಸ ಜಾಸ್ತಿ ಆದ್ರೆ ಮಸಿ ಕಟ್ಟಿದೆ ಅಂತ ಅರ್ಥ. ಆಗ ಒಳಗಿನ ಶಾಖ ಸುಮಾರು 600 ಡಿಗ್ರಿಗೆ ಏರಿಸಿ ಮಸಿ ಸುಡುತ್ತೆ. ಅದಕ್ಕೆ ಗಾಡಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನಾವು ಮನೆಯಿಂದ ತೋಟ, ತೋಟದಿಂದ ಡೈರಿ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ಆಫ್ ಮಾಡಿದ್ರೆ ಮಸಿ ಸುಡೋದು ಅರ್ಧಕ್ಕೇ ನಿಲ್ಲುತ್ತೆ. ವಾರಕ್ಕೊಂದು ಸಲ ಹೈವೇಲಿ ಓಡಿಸಿ ಅನ್ನೋದು ಇದಕ್ಕೇ.

ಪೆಟ್ರೋಲ್ ಕಾರಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸಾರ್ ಇರುತ್ತೆ. ಮುಂದಿಂದು ಏರಿಳಿತ ತೋರಿಸಿದ್ರೂ ಹಿಂದಿಂದು ಸಮ ಇರಬೇಕು. ಎರಡೂ ಒಂದೇ ಥರ ಕುಣಿದ್ರೆ ಕನ್ವರ್ಟರ್ ಸತ್ತಿದೆ ಅಂತ ಲೆಕ್ಕ. ಸಾಮಾನ್ಯವಾಗಿ ಒಂದು ಸಲ ತಪ್ಪು ಕಂಡ ಕೂಡ್ಲೆ ದೀಪ ಹತ್ತಲ್ಲ. ಬರೆದಿಟ್ಕೊಂಡು, ಮುಂದಿನ ಓಡಾಟದಲ್ಲೂ ಅದೇ ತಪ್ಪು ಕಂಡ್ರೆ ಹತ್ತಿಸುತ್ತೆ. ಪೆಟ್ರೋಲ್ ಗಾಡೀಲಿ ದೀಪ ಮಿನುಗ್ತಾ ಇದ್ರೆ ಮಾತ್ರ ವೇಗ ಇಳಿಸಿ, ಬೇಗ ತೋರಿಸಿ. ಸಿಲಿಂಡರಲ್ಲಿ ಉರೀದೆ ಹೋದ ಪೆಟ್ರೋಲ್ ಕನ್ವರ್ಟರನ್ನೇ ಸುಡ್ತಾ ಇರುತ್ತೆ.

ಈಗ ನನ್ನ ತಕರಾರಿಗೆ ಬರ್ತೀನಿ. ಪೈಪ್ ಹಾಕೋ ಮುಂಚೆ, ದೀಪ ಹತ್ಕೊಂಡಿರುವಾಗಲೇ ಎಮಿಶನ್ ಟೆಸ್ಟ್ ಮಾಡಿಸಿದ್ದೆ. ಆಕ್ಸಿಲೇಟರ್ ಒತ್ತಿಸಿದ್ರು, ಸೈಲೆನ್ಸರಿಗೆ ಕಡ್ಡಿ ಇಟ್ರು, ಪಾಸ್ ಅಂದ್ರು. ದೀಪದ ಕಡೆ ಯಾರೂ ಕಣ್ಣೆತ್ತಿ ನೋಡ್ಲಿಲ್ಲ. ಆ ಡೀಸೆಲ್ ಟೆಸ್ಟು ನೋಡೋದು ಹೊಗೆ ಎಷ್ಟು ಕಪ್ಪು ಅಂತ ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಅದಕ್ಕೆ ಗೊತ್ತಾಗಲ್ಲ. ವರ್ಷವೆಲ್ಲಾ ಕಾಯೋ ಕಾವಲುಗಾರನ ಮಾತು ಕೇಳದೆ, ವರ್ಷಕ್ಕೊಂದು ದಿನ ಬಂದು ಇಣುಕಿ ನೋಡೋನ ಮಾತಿಗೆ ಸರ್ಟಿಫಿಕೇಟು! ನನ್ನ ಪ್ರಕಾರ ಟೆಸ್ಟ್ ಮಾಡೋ ಕಡೆ ಆ ಸಾಕೆಟ್ಟಿಗೂ ಮಿಷನ್ ಚುಚ್ಚಿ ನೋಡಬೇಕು. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರಿಗೂ ಈ ಸಾಕೆಟ್ ಕಡ್ಡಾಯ, ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ತಪಾಸಣೆ ಮಾಡೋದೇ ಹಿಂಗೆ. ಟೆಸ್ಟಿಗೆ ಮುಂಚೆ ಕೋಡ್ ಅಳಿಸಿದ್ರೂ, ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಅದೇ ಹೇಳುತ್ತೆ.

"ಏನಪ್ಪ, ರೈತನ ಮೇಲೆ ಇನ್ನೊಂದು ದಂಡ ಹೊರಿಸ್ತೀಯಾ?" ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎರಡು ಷರತ್ತು. ಒಂದು, ಕಂಡ ತಪ್ಪನ್ನ ಕನ್ನಡದಲ್ಲಿ ಚೀಟಿ ಬರೆದು ಕೊಡಬೇಕು, ಸರಿ ಮಾಡಿಸೋಕೆ ಟೈಮ್ ಕೊಡಬೇಕು, ಆಮೇಲೆ ದಂಡ. ಎರಡು, ಗಾಡಿಗೆ ದುಡ್ಡು ಕಟ್ಟಿರೋನಿಗೆ ಅದರ ಮಾತು ಅರ್ಥ ಆಗಬೇಕು. ಕೋಡ್ ಪಟ್ಟಿ, ಏನು ನೋಡಬೇಕು ಅನ್ನೋದು ಕನ್ನಡದಲ್ಲಿ ಗಾಡಿ ಜೊತೆ ಬರಬೇಕು. ಇನ್ನೂರೈವತ್ತರ ಪೈಪಿಗೆ ಲಕ್ಷದ ಮಾತು ಕೇಳಬೇಕಾಗಿದ್ದು ನನಗೆ ಓದೋಕೆ ಬರದೆ ಇದ್ದಿದ್ದಕ್ಕೇ ತಾನೆ? 50 ಎಚ್‌ಪಿ ಮೇಲಿನ ಹೊಸ ಟ್ರಾಕ್ಟರಿಗೂ 2023ರ ಜನವರಿಯಿಂದ ಟ್ರೆಮ್-4 ನಿಯಮ ಬಂದಿದೆ. ಕಂಪ್ಯೂಟರ್ ಹೊಲಕ್ಕೂ ಇಳೀತಿದೆ, ಇದು ಬರೀ ಕಾರಿನೋರ ಮಾತಲ್ಲ.

ಫಿಲ್ಟರ್ ಕಿತ್ತಾಕೋರಿಗೆ ಒಂದು ಮಾತು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಟೆಸ್ಟಲ್ಲಿ ಒಂಥರಾ, ರೋಡಲ್ಲಿ ಒಂಥರಾ ನಡ್ಕೊಳೋ ಸಾಫ್ಟ್‌ವೇರ್ ಹಾಕಿ ಸಿಕ್ಕಿಬಿತ್ತು. ದೊಡ್ಡೋರು ಮಾಡಿದ ಆ ಮೋಸಾನೇ ನಾವು ಸಣ್ಣದಾಗಿ ಮಾಡೋದು. ನಮ್ಮ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗೋದು ಕೊಟ್ಟಿಗೆ ಮುಂದೆ. ಅಲ್ಲೇ ಮೊಮ್ಮಗಳು ಆಡ್ತಿರ್ತಾಳೆ. ಮಸಿ ಮೊದಲು ಹೋಗೋದು ಅವಳ ಎದೆಗೆ.

ದೀಪ ಬಂದ್ರೆ ಮೊದಲು ಕೋಡ್ ಏನು ಅಂತ ಕೇಳಿ, ಚೀಟೀಲಿ ಬರೆಸ್ಕೊಳ್ಳಿ. ಆಮೇಲೆ ಅಳಿಸೋಕೆ ಬಿಡಿ. ಗಾಡಿ ಮೆದೆ ಪಕ್ಕ ನಿಲ್ಲಿಸಬೇಡಿ.