ಹೊಗೆ ಎಲ್ಲಿಂದ, ಹಣ ಎಲ್ಲಿಗೆ?

ದಾವಣಗೆರೆಯ ಮಂಡಕ್ಕಿ–ಮೆಣಸಿನಕಾಯಿ ಸವಿದವರೆಲ್ಲ ಮಂಡಕ್ಕಿ ಭಟ್ಟಿಯ ಹೊಗೆಯನ್ನು ಕಂಡಿರುವುದಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ಬಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಈ ಕೆಲಸಕ್ಕೆ ಜೋರು ಉರಿ ಬೇಕು. ಭತ್ತದ ಹೊಟ್ಟು, ಸೌದೆ ಉರಿಸುವುದು ರೂಢಿ. ಅಗ್ಗಕ್ಕೆ ಸಿಗುತ್ತದೆಂದು ಹಳೆ ಟೈರಿನ ಚೂರುಗಳನ್ನು ಒಲೆಗೆ ತುಂಬಿದ್ದೂ ಉಂಟು. ಆ ಕಪ್ಪು ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದಿನ ಕಾರ್ಮಿಕರು, ನಂತರ ಪಕ್ಕದ ಓಣಿಯ ಮಕ್ಕಳು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿಯ ಜೊತೆಗೆ ದಾವಣಗೆರೆಯೂ ಇದೆ. ಆದರೆ ನಗರಗಳ ಸಾಧನೆಯನ್ನು ಅಳೆಯುವುದು ಮುಖ್ಯವಾಗಿ ಪಿಎಂ 10 ಎಂಬ ದಪ್ಪ ಕಣದ ಲೆಕ್ಕದಲ್ಲಿ. ಅದರಲ್ಲಿ ರಸ್ತೆಯ ಧೂಳಿನ ಪಾಲು ದೊಡ್ಡದು. ಹಾಗಾಗಿ ಕಾರ್ಯಕ್ರಮದ ಹಣವೂ ಧೂಳಿನ ಹಿಂದೆಯೇ ಓಡಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 2024ರಲ್ಲಿ ಹಾಕಿದ ಲೆಕ್ಕದಂತೆ, ಖರ್ಚಾದ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿದೆ. ಕೈಗಾರಿಕಾ ಮಾಲಿನ್ಯಕ್ಕೆ ದಕ್ಕಿದ್ದು ಶೇ 1ಕ್ಕಿಂತ ಕಡಿಮೆ. ಶ್ವಾಸಕೋಶದ ಆಳಕ್ಕಿಳಿದು ರಕ್ತ ಸೇರಬಲ್ಲ ಪಿಎಂ 2.5 ಎಂಬ ಸೂಕ್ಷ್ಮ ಕಣ ಹೆಚ್ಚಾಗಿ ಹುಟ್ಟುವುದು ಉರಿಯಿಂದ: ಡೀಸೆಲ್, ಸೌದೆ, ಕಸ, ಕಲ್ಲಿದ್ದಲು. ರಸ್ತೆಗೆ ಎಷ್ಟು ನೀರು ಸಿಂಪಡಿಸಿದರೂ ಭಟ್ಟಿಯ ಉರಿ ಆರುವುದಿಲ್ಲ.

ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆದರೆ ವರ್ಷದ ಸರಾಸರಿ ಯಾರತ್ತಲೂ ಬೆರಳು ತೋರಿಸುವುದಿಲ್ಲ. ಬೆಳಗಿನ ಜಾವ ಓಣಿ ಮೂಲೆಯಲ್ಲಿ ಸುಟ್ಟ ಕಸ, ಕರೆಂಟು ಹೋದಾಗ ಗುಡುಗುವ ಜನರೇಟರ್, ರಾತ್ರಿ ಊರೊಳಗೆ ನುಗ್ಗುವ ಲಾರಿಗಳ ಸಾಲು ಎಲ್ಲವೂ ಅದರಲ್ಲಿ ಕರಗಿಹೋಗುತ್ತವೆ.

ಮೂಲ ಪತ್ತೆ ಮಾಡುವ ವಿದ್ಯೆ ನಮ್ಮಲ್ಲಿಲ್ಲವೆಂದಲ್ಲ. ಫಿಲ್ಟರಿನ ಮೇಲೆ ಕೂತ ಕಣಗಳನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದರೆ ಪ್ರತಿ ಉರಿಯೂ ತನ್ನ ಗುರುತು ಬಿಟ್ಟಿರುತ್ತದೆ. ಪೊಟ್ಯಾಸಿಯಂ ಮತ್ತು ಲೆವೊಗ್ಲುಕೋಸಾನ್ ಎಂಬ ಸಂಯುಕ್ತ ಸಿಕ್ಕರೆ ಸೌದೆ ಉರಿದಿದೆ. ಸಿಲಿಕಾನ್, ಅಲ್ಯುಮಿನಿಯಂ ಹೆಚ್ಚಿದ್ದರೆ ಮಣ್ಣು. ರಬ್ಬರ್ ಗಟ್ಟಿಗೊಳಿಸಲು ಸತುವಿನ ಆಕ್ಸೈಡ್ ಬೆರೆಸಿರುವುದರಿಂದ ಟೈರಿನ ಹೊಗೆಯಲ್ಲಿ ಸತು ಎದ್ದು ಕಾಣುತ್ತದೆ. ಒಂದೇ ಧಾತು ನೋಡಿ ತೀರ್ಪು ಕೊಡುವಂತಿಲ್ಲ ನಿಜ; ವಾಹನದ ಟೈರ್ ಸವೆದರೂ ಸತು ಗಾಳಿ ಸೇರುತ್ತದೆ. ಅದಕ್ಕೇ ಗಾಳಿಯ ದಿಕ್ಕು, ಗಂಟೆಗಂಟೆಯ ಏರಿಳಿತ ಎರಡನ್ನೂ ಜೋಡಿಸಿ ನೋಡಬೇಕು. ಈ ಏರಿಳಿತ ಅಳೆಯಬಲ್ಲ ಅಗ್ಗದ ಸೆನ್ಸರ್‌ಗಳು ತೇವದ ದಿನ ಹೆಚ್ಚು ತೋರಿಸುವುದುಂಟು. ಆದರೆ ಅವುಗಳನ್ನು ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿಟ್ಟು ಸರಿಹೊಂದಿಸಿದರೆ, ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಹೊಗೆ ಏಳುತ್ತದೆಂದು ತಿಳಿಯಲು ಅಷ್ಟು ಸಾಕು.

ಬೆಂಗಳೂರಿನಲ್ಲಿ ಇಂಥ ಅಧ್ಯಯನಗಳು ನಡೆದಿವೆ. ಟೆರಿ ಸಂಸ್ಥೆಯ 2010ರ ವರದಿ ಪಿಎಂ 10ರಲ್ಲಿ ಶೇ 42ರಷ್ಟು ಸಾರಿಗೆಯದ್ದೆಂದಿತ್ತು. ವರದಿ ಬಂದ ಮೇಲೆ ನಗರ ಅಡ್ಡಾದಿಡ್ಡಿ ಬೆಳೆದಿದೆ, ವಾಹನಗಳೂ ಅಷ್ಟೇ. ಹಳೆಯ ಶೇಕಡಾವಾರು ಇಟ್ಟುಕೊಂಡು ಇಂದಿನ ಯೋಜನೆ ಬರೆಯುವುದು ತಪ್ಪು. ಬೆಂಗಳೂರಿನ ಲೆಕ್ಕವನ್ನು ದಾವಣಗೆರೆಗೆ ಹೊಂದಿಸುವುದು ಇನ್ನೂ ದೊಡ್ಡ ತಪ್ಪು.

ಮೂಲ ಪತ್ತೆಯಾದೊಡನೆ ಭಟ್ಟಿಗಳಿಗೆ ಬೀಗ ಜಡಿಯುವುದು ಅಧಿಕಾರಿಗಳಿಗೆ ಸುಲಭ. ಅದನ್ನು ಒಪ್ಪಲಾಗದು. ಟೈರ್ ಉರಿಸಿದ್ದು ಬಡತನದ ಲೆಕ್ಕಾಚಾರ; ಒಂದು ಮೂಟೆ ಮಂಡಕ್ಕಿಯ ಲಾಭ ಅಷ್ಟು ಸಣ್ಣದು. ಹೊಗೆ ಕಡಿಮೆ ಮಾಡುವ ಗ್ಯಾಸಿಫೈಯರ್ ಒಲೆಗೆ, ಎತ್ತರದ ಚಿಮಣಿಗೆ ಶುದ್ಧ ಗಾಳಿ ನಿಧಿಯಿಂದಲೇ ಸಹಾಯಧನ ಕೊಡಲಿ. ಹಳೆ ಟೈರ್ ಪೂರೈಸುವವರನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯಲಿ. ಮುಂದಿನ ವರ್ಷದ ಅನುದಾನಕ್ಕೆ ಅರ್ಜಿ ಹಾಕುವಾಗ ಪ್ರತಿ ಪಾಲಿಕೆಯೂ ಗುಡಿಸುವ ಯಂತ್ರಗಳ ಪಟ್ಟಿಗೂ ಮೊದಲು ತನ್ನ ವಾರ್ಡುಗಳಲ್ಲಿ ಏನು, ಎಲ್ಲಿ, ಯಾವ ಹೊತ್ತಿಗೆ ಉರಿಯುತ್ತಿದೆ ಎಂಬ ನಕ್ಷೆಯನ್ನು ಸಲ್ಲಿಸಬೇಕೆಂದು ಸರ್ಕಾರ ಕಡ್ಡಾಯ ಮಾಡಲಿ.