ಆಸ್ಪತ್ರೆಯ ಹಾದಿಯೂ ಚಿಕಿತ್ಸೆಯ ಭಾಗ

ತುರ್ತು ಸಂದರ್ಭದಲ್ಲಿ ರೋಗಿ ಆಸ್ಪತ್ರೆ ತಲುಪುವುದು ಹೇಗೆ? ಸರ್ಕಾರಿ ಕಡತಗಳಲ್ಲಿ ಈ ಪ್ರಶ್ನೆಗೆ ಇರುವ ಉತ್ತರ ‘ಆಂಬುಲೆನ್ಸ್’. ಹಳ್ಳಿಗಳಲ್ಲಿ ಸಿಗುವ ಉತ್ತರ ಹಲವು ಬಾರಿ ಬೇರೆಯೇ ಆಗಿರುತ್ತದೆ. ಹೆರಿಗೆ ನೋವು ಕಾಣಿಸಿಕೊಂಡ ಗರ್ಭಿಣಿ ಸರಕು ಸಾಗಿಸುವ ಆಟೊದಲ್ಲಿ, ಹಾವು ಕಚ್ಚಿದ ರೈತ ನೆರೆಯವರ ಬೈಕಿನಲ್ಲಿ, ಎದೆನೋವಿನಿಂದ ನರಳುವ ವೃದ್ಧ ಬಾಡಿಗೆ ಜೀಪಿನಲ್ಲಿ ಹೊರಡುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಪ್ರಸಂಗಗಳು ಪದೇ ಪದೇ ವರದಿಯಾಗಿವೆ.

ಹಾಗೆಂದು ಏನೂ ಆಗಿಲ್ಲ ಎನ್ನಲಾಗದು. 2005ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಆರಂಭವಾದ 108 ಸೇವೆ 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಬಂತು. ಕಾಸು ಕೊಡದೆ ಆಸ್ಪತ್ರೆ ತಲುಪಬಹುದು ಎಂಬ ಭರವಸೆ ಬಡವರ ಪಾಲಿಗೆ ಸಣ್ಣದಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಒಂದು ಸರಳ ಲೆಕ್ಕ ಅಡಗಿದೆ. ಆಂಬುಲೆನ್ಸ್ ಮೂವತ್ತು ಕಿಲೊಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿದ್ದರೆ ಅದು ಅಷ್ಟು ದೂರ ಬರಬೇಕು, ಮತ್ತೆ ಅಷ್ಟೇ ದೂರ ಹಿಂತಿರುಗಬೇಕು. ಊರಿನಲ್ಲೇ ಇರುವ ವಾಹನಕ್ಕೆ ಒಂದೇ ಪಯಣ. ಈ ಲೆಕ್ಕ ರೋಗಿಯ ಮನೆಯವರಿಗೆ ಯಾರೂ ಹೇಳಿಕೊಡದೆಯೇ ಗೊತ್ತು. ಕೈಗೆ ಸಿಕ್ಕ ವಾಹನ ಹತ್ತುವ ಅವರನ್ನು ಅರಿವಿಲ್ಲದವರೆಂದು ದೂರುವುದು ಸರಿಯಲ್ಲ.

ತಾಯಂದಿರ ಸಾವಿನ ಕಾರಣಗಳನ್ನು ವಿಶ್ಲೇಷಿಸಿದ ಸೆರೀನ್ ತಡ್ಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದ್ದರು: ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ, ಅಲ್ಲಿಗೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಪಡೆಯುವಲ್ಲಿ. ನಮ್ಮಲ್ಲಿ ಎರಡನೆಯದೂ ಮೂರನೆಯದೂ ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ರಕ್ತ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಅಲೆಯಬೇಕು. ಪ್ರತಿ ಹಂತದಲ್ಲೂ ಮತ್ತೆ ವಾಹನದ ಹುಡುಕಾಟ, ಮತ್ತೆ ಬಾಡಿಗೆಯ ಚೌಕಾಸಿ. ಹತ್ತಿರದ ಆಸ್ಪತ್ರೆ ಯಾವುದು ಎಂಬುದು ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಚಿಕಿತ್ಸೆ ಎಲ್ಲಿ ಲಭ್ಯ ಎಂಬುದು ಗೊತ್ತಿರುವುದಿಲ್ಲ.

ಊರಿನ ವಾಹನವನ್ನೇ ನಂಬಿ ಜೀವ ಉಳಿಸಿದ ನಿದರ್ಶನಗಳು ನಮ್ಮಂಥ ದೇಶಗಳಲ್ಲೇ ಇವೆ. ನೇಪಾಳದ ತೆರಾಯಿಯ ದಮಕ್ ಬಳಿಯ ಹಳ್ಳಿಗಳಲ್ಲಿ ಹಾವು ಕಚ್ಚಿದವರನ್ನು ಸ್ವಯಂಸೇವಕರು ಬೈಕಿನಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುವ ಏರ್ಪಾಟು ಮಾಡಲಾಯಿತು. ರೋಗಿಯನ್ನು ಸವಾರ ಹಾಗೂ ಮತ್ತೊಬ್ಬರ ನಡುವೆ ಕೂರಿಸಿಕೊಳ್ಳುವುದು, ಜೊತೆಗೆ ಜನರಿಗೆ ತಿಳಿವಳಿಕೆ ನೀಡುವುದು– ಇಷ್ಟೇ ಯೋಜನೆ. ಹಾವು ಕಡಿತಕ್ಕೊಳಗಾದವರಲ್ಲಿ ಶೇ 10.5ರಷ್ಟಿದ್ದ ಸಾವಿನ ಪ್ರಮಾಣ ಶೇ 0.5ಕ್ಕೆ ಇಳಿಯಿತು. ಗಾಯಾಳುಗಳನ್ನು ಟ್ಯಾಕ್ಸಿ, ಮಿನಿಬಸ್ಸುಗಳೇ ಹೊತ್ತೊಯ್ಯುತ್ತಿದ್ದ ಘಾನಾದಲ್ಲಿ 335 ಚಾಲಕರಿಗೆ ಆರು ತಾಸಿನ ಪ್ರಥಮ ಚಿಕಿತ್ಸೆಯ ತರಬೇತಿ ನೀಡಲಾಯಿತು. ಅವರು ನೀಡುವ ನೆರವಿನ ಗುಣಮಟ್ಟ ಸುಧಾರಿಸಿತೆಂದು 2002ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ.

ನಮ್ಮ ಚಾಲಕರನ್ನು ಹಿಂದೆಳೆಯುವುದು ತರಬೇತಿಯ ಕೊರತೆಯಷ್ಟೇ ಅಲ್ಲ, ಭಯ. ಅಪಘಾತದ ಗಾಯಾಳುವನ್ನು ಕರೆತಂದರೆ ಠಾಣೆ, ಸಾಕ್ಷಿ ಎಂದು ಅಲೆಯಬೇಕಾದೀತು ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ತುರ್ತು ಚಿಕಿತ್ಸೆಗೆ ಕಾನೂನಿನ ವಿಧಿವಿಧಾನಗಳು ಅಡ್ಡಿಯಾಗಬಾರದೆಂದು ಸುಪ್ರೀಂ ಕೋರ್ಟ್ 1989ರಷ್ಟು ಹಿಂದೆಯೇ ಹೇಳಿತ್ತು. ನೆರವಾದವರಿಗೆ ಕಿರುಕುಳ ಕೂಡದೆಂಬ ಮಾರ್ಗಸೂಚಿಗೆ 2016ರಲ್ಲಿ ಅದು ಮುದ್ರೆ ಒತ್ತಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ಅವರಿಗೆ ರಕ್ಷಣೆ ನೀಡಿದೆ. ಈ ವಿಚಾರ ಆಟೊ ನಿಲ್ದಾಣಕ್ಕೂ ಠಾಣೆಯ ಕಾನ್‌ಸ್ಟೆಬಲ್‌ಗೂ ಮುಟ್ಟದಿದ್ದರೆ ಕಾನೂನು ಇದ್ದೂ ಇಲ್ಲದಂತೆ.

ಆದ್ದರಿಂದ ಆಗಬೇಕಾದ ಕೆಲಸ ಸ್ಪಷ್ಟ. ಪ್ರತಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಒಂದಷ್ಟು ಚಾಲಕರಿಗೆ ರಕ್ತಸ್ರಾವ ತಡೆಯುವ, ಗಾಯಾಳುವನ್ನು ಜೋಪಾನವಾಗಿ ಎತ್ತುವ ತರಬೇತಿ ನೀಡಬೇಕು. ಇಂಧನದ ಖರ್ಚು ಕಚೇರಿಗಳಿಗೆ ಅಲೆಯದೆ ಅವರ ಕೈಸೇರಬೇಕು. ಯಾವ ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆ, ಎಲ್ಲಿ ರಕ್ತ ಮತ್ತು ಹಾವಿನ ವಿಷಕ್ಕೆ ಮದ್ದು ಲಭ್ಯ ಎಂಬುದನ್ನು ಕರೆ ಮಾಡಿದವರಿಗೆ 108 ಕೇಂದ್ರವೇ ಹೇಳುವಂತಾಗಬೇಕು. ಕಾಡಂಚಿನ ಊರುಗಳಿಗೆ ಹೊತ್ತಿಲ್ಲದ ಹೊತ್ತಿನಲ್ಲೂ ದೊರೆಯುವ ಜೀಪು ಬೇಕು.

ಇದು ಆಂಬುಲೆನ್ಸ್‌ಗೆ ಪರ್ಯಾಯವಲ್ಲ. ಉಸಿರಾಟಕ್ಕೆ ನೆರವು ಬೇಕಾದ ರೋಗಿಗೆ ಆಟೊ ಸಾಲದು. ಸರ್ಕಾರ ತನ್ನ ಹೊಣೆಯನ್ನು ಚಾಲಕರ ಹೆಗಲಿಗೆ ದಾಟಿಸಲೂಬಾರದು. ಆದರೆ ಖರೀದಿಸಿದ ಆಂಬುಲೆನ್ಸ್‌ಗಳ ಸಂಖ್ಯೆಯನ್ನು ಸಾಧನೆಯೆಂದು ಬಿಂಬಿಸುವ ಪರಿಪಾಟ ಸಾಕು. ನೋವು ಕಾಣಿಸಿಕೊಂಡ ಗಳಿಗೆಯಿಂದ ಚಿಕಿತ್ಸೆ ಆರಂಭವಾಗುವವರೆಗೆ ಕಳೆದ ನಿಮಿಷಗಳೆಷ್ಟು ಎಂಬುದನ್ನು ತಾಲ್ಲೂಕುವಾರು ದಾಖಲಿಸಿ ಜನರ ಮುಂದಿಡಲಿ. ಡೋಲಿ ಹೊರುವವರಿಗೆ ಸರ್ಕಾರ ಕೊಡಬೇಕಾದ ಲೆಕ್ಕ ಅದು.