ಬಾನ್ ನಗರಕ್ಕೆ ಬಂದ ಬಿದಿರಿನ ವಾದ್ಯ

ಕೊಳಲಿನ ರಂಧ್ರಗಳನ್ನೆಲ್ಲ ಮುಚ್ಚಿ ಊದಿದರೆ ಕೆಳಗಿನ ಸ್ವರ ಬರುತ್ತದೆ. ತುದಿಯ ಕಡೆಯಿಂದ ಬೆರಳುಗಳನ್ನು ಒಂದೊಂದಾಗಿ ತೆಗೆದಂತೆ ಸ್ವರ ಏರುತ್ತದೆ. ಒಳಗೆ ಕಂಪಿಸುವ ವಾಯುಸ್ತಂಭ ಗಿಡ್ಡವಾಗುವುದೇ ಇದಕ್ಕೆ ಕಾರಣ. ಉದ್ದ ಅರ್ಧವಾದರೆ ಆವೃತ್ತಿ ಸುಮಾರು ಎರಡು ಪಟ್ಟಾಗುತ್ತದೆ.

ಪೈಪ್ ಆರ್ಗನ್‌ನಲ್ಲಿ ಪ್ರತಿ ಸ್ವರಕ್ಕೂ ಬೇರೆ ಕೊಳವೆ. ತಿದಿಯಿಂದ ಬಂದ ಗಾಳಿ ಪೆಟ್ಟಿಗೆಯಲ್ಲಿ ತುಂಬಿರುತ್ತದೆ. ಹಾರ್ಮೋನಿಯಂನಂತೆ ಕೀಲಿ ಒತ್ತಿದಾಗ ಕವಾಟ ತೆರೆದು, ಆ ಸ್ವರದ ಕೊಳವೆ ನುಡಿಯುತ್ತದೆ.

ಇಂಥ ವಾದ್ಯಗಳನ್ನು ಕಟ್ಟುವ ಕಾರ್ಯಾಗಾರವನ್ನು ಯೊಹಾನೆಸ್ ಕ್ಲೈಸ್ ಜರ್ಮನಿಯ ಬಾನ್ ನಗರದಲ್ಲಿ 1882ರಲ್ಲಿ ತೆರೆದರು. ಮಗ ಹಾನ್ಸ್, ಮೊಮ್ಮಗ ಹಾನ್ಸ್ ಗೆರ್ಡ್, ಮರಿಮಗ ಫಿಲಿಪ್ ಅದೇ ಕಸುಬನ್ನು ಮುಂದುವರಿಸಿದರು.

ಮೊಮ್ಮಗನ ಕಾಲದಲ್ಲಿ, 1973ರಲ್ಲಿ, ಅಲ್ಲಿಗೆ ಅಪರೂಪದ ಆರ್ಗನ್ ಒಂದು ದುರಸ್ತಿಗೆ ಬಂತು. ಅದು ಫಿಲಿಪ್ಪೀನ್ಸ್‌ನಲ್ಲಿ ಮನಿಲಾ ಸಮೀಪದ ಲಾಸ್ ಪಿನ್ಯಾಸ್ ಚರ್ಚಿನದು. ಸ್ಪೇನಿನ ಪಾದ್ರಿ ಡಿಯೆಗೊ ಸೆರಾ 1816ರಲ್ಲಿ ಕೆಲಸ ಆರಂಭಿಸಿ 1824ರಲ್ಲಿ ಮುಗಿಸಿದ್ದರು. ಅದರ 1031 ಕೊಳವೆಗಳ ಪೈಕಿ 902 ಬಿದಿರಿನವು! ಬಿದಿರಿನಲ್ಲಿ ಪಿಷ್ಟವಿರುವುದರಿಂದ ಬೇಗ ಹುಳ ಹಿಡಿಯುತ್ತದೆ. ಆದ್ದರಿಂದ ಪಾದ್ರಿ ಅದನ್ನು ಕಡಲತೀರದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ಹದಮಾಡಿದ್ದರು. ಬಿದಿರು ಉಳಿಯಿತು, ಆದರೆ ಭೂಕಂಪ, ಚಂಡಮಾರುತಗಳಿಂದ ವಾದ್ಯ ಜಖಂಗೊಂಡಿತ್ತು.

ಬಾನ್‌ನಲ್ಲಿ ಎದುರಾದದ್ದು ಬೇರೆಯೇ ಸಮಸ್ಯೆ. ಚಳಿಗಾಲದಲ್ಲಿ ಬೆಚ್ಚಗೆ ಕಾಯಿಸಿದ ಕೋಣೆಯ ಗಾಳಿ ಬಹಳ ಒಣಗಿರುತ್ತದೆ. ಸೆಕೆನಾಡಿನ ಬಿದಿರು ಅಲ್ಲಿ ತೇವ ಕಳೆದುಕೊಂಡು ಸಂಕುಚಿಸಿ, ಸೀಳಬಹುದು. ಸೀಳಿದ ಕೊಳವೆ ಸರಿಯಾಗಿ ನುಡಿಯದು. ಹೀಗಾಗಿ ವಾದ್ಯವನ್ನು ಜರ್ಮನಿಯ ಹವೆಗೆ ಒಗ್ಗಿಸುವ ಬದಲು, ಫಿಲಿಪ್ಪೀನ್ಸ್‌ನ ಶಾಖ, ತೇವಾಂಶ ಇರುವ ಕೋಣೆಯನ್ನೇ ಅಲ್ಲಿ ಸಿದ್ಧಪಡಿಸಿದರು. ದುರಸ್ತಿಯಾದ ಆರ್ಗನ್ 1975ರಲ್ಲಿ ತನ್ನೂರು ಸೇರಿತು. 2003ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಸಾಂಸ್ಕೃತಿಕ ನಿಧಿಯೆಂದು ಘೋಷಿಸಿತು.

ಇದೇ ಮನೆತನದ ಸಂಸ್ಥೆ ಹ್ಯಾಂಬರ್ಗಿನ ಎಲ್ಬ್‌ಫಿಲ್‌ಹಾರ್ಮೊನಿ ಸಭಾಂಗಣಕ್ಕೆ ಕಟ್ಟಿದ ಆರ್ಗನ್‌ನಲ್ಲಿ 4765 ಕೊಳವೆಗಳಿವೆ. ಅತಿ ಉದ್ದದ್ದು ಸುಮಾರು 10 ಮೀಟರ್. ಅತಿ ಚಿಕ್ಕದು 11 ಮಿಲಿಮೀಟರ್. ಸಭಾಂಗಣ ಉದ್ಘಾಟನೆಯಾದ 2017ರಲ್ಲೇ ಜರ್ಮನಿಯ ಆರ್ಗನ್ ನಿರ್ಮಾಣ ಕಲೆ ಯುನೆಸ್ಕೊ ಪಟ್ಟಿ ಸೇರಿತು. ಕೊಳವೆಯ ಉದ್ದವನ್ನು ಸೂತ್ರದಿಂದ ಲೆಕ್ಕ ಹಾಕಬಹುದು. ಆದರೆ ಅದರ ಬಾಯಿಯನ್ನು ಕೂದಲೆಳೆಯಷ್ಟು ತಿದ್ದಿ ನಾದ ಒಪ್ಪವಾಗಿಸಲು ಪಳಗಿದ ಕೈ, ಕಿವಿ ಎರಡೂ ಬೇಕು.

ಇದನ್ನು ಮಕ್ಕಳು ಶಾಲೆಯಲ್ಲೇ ಪರೀಕ್ಷಿಸಬಹುದು. ಎಂಟು ಪ್ರನಾಳಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಬಾಯಿಯ ಅಂಚಿಗೆ ಅಡ್ಡವಾಗಿ ಊದಿ. ಹನಿ ಹನಿ ಹೆಚ್ಚು ಕಡಿಮೆ ಮಾಡುತ್ತ ಸರಿಗಮ ಹೊಂದಿಸಿ. ಅಪ್ಪ ಅಮ್ಮ ಹತ್ತಿರ ಕುಳಿತು, ಸ್ವರ ಕೂಡಿತೋ ಇಲ್ಲವೋ ಹೇಳಲಿ.